ಮಂಡಿ ಬಿಜಾಗರಿ ಕೀಲು ಅಂತಾರೆ, ಹಾಗಾದ್ರೆ ಪಾದ ಒಳಗೆ-ಹೊರಗೆ ತಿರುಗೋದು ಹೇಗೆ?

ಮಲ್ಲೇಶ್ವರಂ_ಅಮ್ಮ
ಆರನೇ ಕ್ಲಾಸಿನ ಮಗಳಿಗೆ ಕೀಲುಗಳ ಪಾಠ ನಡೀತಿದೆ. ಮಂಡಿ, ಮೊಣಕೈ ಎರಡೂ ಬಿಜಾಗರಿ ಕೀಲು, ಒಂದೇ ದಿಕ್ಕಲ್ಲಿ ಮಡಚುತ್ತೆ, ಬಿಚ್ಚುತ್ತೆ ಅಂತ ನೋಟ್ಸಲ್ಲಿದೆ. ಇವಳು ಕುರ್ಚಿ ಮೇಲೆ ಕೂತು, ತೊಡೆ ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡ್ಕೊಂಡು, ಹಿಮ್ಮಡಿ ನೆಲದ ಮೇಲಿಟ್ಟು ಪಾದವನ್ನ ಒಳಗೆ-ಹೊರಗೆ ತಿರುಗಿಸಿ ತೋರಿಸ್ತಾಳೆ. ಅದು ಕಣಕಾಲಿನ ಕೆಲಸ ಅಂತ ತಳ್ಳಿಹಾಕೋ ಹಾಗೂ ಇಲ್ಲ. ಮಂಡಿಚಿಪ್ಪಿನ ಕೆಳಗೆ, ಕೆಳಗಾಲಿನ ಮೂಳೆಯ ಮುಂಭಾಗದಲ್ಲಿ ಒಂದು ಉಬ್ಬು ಕೈಗೆ ಸಿಗುತ್ತಲ್ಲ, ಅಲ್ಲಿ ಬೆರಳಿಟ್ಟರೆ ಆ ಉಬ್ಬೇ ಎಡಕ್ಕೆ ಬಲಕ್ಕೆ ಸರಿಯೋದು ಗೊತ್ತಾಗುತ್ತೆ. ಕಾಲು ಪೂರ್ತಿ ಚಾಚಿದ್ರೆ ಮಾತ್ರ ಈ ಆಟ ಬಂದ್. ಯಾರಾದ್ರೂ ತಿಳಿದವರು ಹೇಳ್ತೀರಾ? "ಪುಸ್ತಕದಲ್ಲಿ ಇರೋದನ್ನ ಬರಿ" ಅಂತ ಹೇಳಿ ಕಳಿಸೋಕೆ ಮನಸ್ಸಿಲ್ಲ.

ಪೀಣ್ಯ_ಎರಡನೇ_ಹಂತ
ಮೇಡಂ, ನಾನು ಡಾಕ್ಟರಲ್ಲ, ಮಷಿನ್ ಶಾಪ್‌ನವನು. ನಮ್ಮ ಲೆಕ್ಕದಲ್ಲಿ ಬಿಜಾಗರಿ ಅಂದ್ರೆ ಒಂದು ಪಿನ್ನು, ಅದರ ಸುತ್ತ ಒಂದೇ ತಿರುಗು. ಚೆಂಡು-ಗುಳಿ ಜಾಯಿಂಟ್ ಆದ್ರೆ ಮೂರು. ನೀವು ಹೇಳಿದ ಹಾಗೆ ಬಿಜಾಗರಿ ಅಡ್ಡಡ್ಡ ಆಡ್ತಾ ಇದ್ರೆ ನಾವು ಪಿನ್ ಸವೆದಿದೆ ಅಂತ ಎತ್ತಿ ಸ್ಕ್ರ್ಯಾಪ್‌ಗೆ ಹಾಕ್ತೀವಿ. ಆದ್ರೆ ಮಡಚಿದಾಗ ಆಡುತ್ತೆ, ಚಾಚಿದಾಗ ಆಡಲ್ಲ ಅಂದ್ರೆ ಅದು ಸವೆತ ಅಲ್ಲ, ಬೇಕಂತಲೇ ಮಾಡಿರೋ ಡಿಸೈನು. ಯಾರು ಹೇಳ್ತೀರೋ ಹೇಳಿ, ನನಗೂ ಕುತೂಹಲ.

ಫಿಸಿಯೋ_ಬಸವನಗುಡಿ
ಮಗು ಸರಿಯಾಗೇ ನೋಡಿದೆ. ಸ್ವಲ್ಪ ಉದ್ದ ಆಗುತ್ತೆ, ಓದಿಕೊಳ್ಳಿ.

ಮೊಣಕೈಯಲ್ಲಿ ಮೇಲಿನ ಮೂಳೆಯ ರಾಟೆಯಂಥ ತುದಿಯನ್ನ ಕೆಳಗಿನ ಮೂಳೆ ಕಚ್ಚಿಕೊಂಡಿರುತ್ತೆ. ಹಾಗಾಗಿ ಅದು ನಿಜವಾದ ಬಿಜಾಗರಿ. ಮಂಡಿಯಲ್ಲಿ ಅಂಥ ಕಚ್ಚೇ ಇಲ್ಲ. ತೊಡೆಮೂಳೆಯ ತುದಿಯಲ್ಲಿ ಎರಡು ದುಂಡು ಉಬ್ಬುಗಳು. ಅವು ಕೂತಿರೋದು ಕೆಳಗಾಲಿನ ಮೂಳೆಯ ಹೆಚ್ಚುಕಮ್ಮಿ ಚಪ್ಪಟೆಯಾದ ತಲೆಯ ಮೇಲೆ. ನಡುವೆ ಅರ್ಧಚಂದ್ರಾಕಾರದ ಎರಡು ಮೆನಿಸ್ಕಸ್ ಪಟ್ಟಿಗಳಿವೆ, ಸ್ವಲ್ಪ ಗುಳಿ ಮಾಡಿಕೊಡೋಕೆ. ಮೂಳೆಗಳ ಆಕಾರ ಹಿಡಿದಿಡೋದು ಕಮ್ಮಿ, ಹಿಡಿದಿಡೋದೆಲ್ಲ ಅಸ್ಥಿರಜ್ಜುಗಳು (ಮೂಳೆಗೆ ಮೂಳೆ ಕಟ್ಟೋ ಗಟ್ಟಿ ಪಟ್ಟಿಗಳು) ಮತ್ತು ಸ್ನಾಯುಗಳು.

ಮಂಡಿ ಮಡಚಿದಾಗ ಅಕ್ಕಪಕ್ಕದ ರಜ್ಜುಗಳು ಸಡಿಲ ಆಗ್ತವೆ. ಆಗ ಮಂಡಿಯ ಕೆಳಗಿನ ಕಾಲು ತನ್ನ ಅಕ್ಷದ ಸುತ್ತ ತಿರುಗಬಹುದು. 90 ಡಿಗ್ರಿ ಮಡಚಿದಾಗ ಒಳಕ್ಕೂ ಹೊರಕ್ಕೂ ಸೇರಿ ಸುಮಾರು 40 ಡಿಗ್ರಿ ತನಕ ಸಿಗುತ್ತೆ, ಒಬ್ಬೊಬ್ಬರಿಗೆ ಒಂದೊಂದು ಥರ. ಚಾಚುತ್ತಾ ಬಂದ ಹಾಗೆ ರಜ್ಜುಗಳು ಬಿಗಿಯಾಗ್ತವೆ. ಕೊನೆಯ 20 ಡಿಗ್ರಿ ಆಸುಪಾಸಲ್ಲಿ ಇನ್ನೊಂದು ಸ್ವಾರಸ್ಯ ಇದೆ: ಒಳಗಡೆಯ ಉಬ್ಬಿನ ಮೈ ಹೊರಗಿನದಕ್ಕಿಂತ ಉದ್ದ ಇರೋದ್ರಿಂದ, ನೀವು ಬೇಡ ಅಂದ್ರೂ ಕೆಳಗಾಲು ಸ್ವಲ್ಪ ಹೊರಕ್ಕೆ ತಿರುಗಿ ಬಿಗಿಯಾಗಿ ಕೂತುಬಿಡುತ್ತೆ. ಅದೇ ಮಂಡಿಯ ಲಾಕ್. ತೆಗೆಯೋಕೆ ಮಂಡಿಯ ಹಿಂದೆ ಪಾಪ್ಲಿಟಿಯಸ್ ಅಂತ ಒಂದು ಸಣ್ಣ ಸ್ನಾಯು ಇದೆ. ಮಡಚೋಕೆ ಶುರು ಮಾಡೋ ಕ್ಷಣಕ್ಕೆ ಅದು ಎಳೆದು ತಿರುಗಿಸುತ್ತೆ.

ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಗಂಟೆಗಟ್ಲೆ ನಿಲ್ಲೋಕೆ ಆಗೋದು ಈ ಲಾಕ್‌ನಿಂದಲೇ, ತೊಡೆಯ ಸ್ನಾಯು ಹೆಚ್ಚು ದುಡಿಯಬೇಕಿಲ್ಲ. ಹಿಂದಿನಿಂದ ಯಾರೋ ಬ್ಯಾಗು ತಾಗಿಸಿದ್ರೆ ಮಂಡಿ ಪಟ್ಟಂತ ಕುಸಿಯೋದೂ ಅದೇ ಕಾರಣಕ್ಕೆ: ಲಾಕ್ ಬಿಟ್ಟಿತು, ಸ್ನಾಯು ಇನ್ನೂ ಎಚ್ಚೆತ್ತಿಲ್ಲ.

ಪರೀಕ್ಷೇಲಿ ಬಿಜಾಗರಿ ಅಂತಲೇ ಬರೀಲಿ, ಮಾರ್ಕ್ಸ್ ಅಲ್ಲಿದೆ.

ಪೀಣ್ಯ_ಎರಡನೇ_ಹಂತ
ಸರ್, ಒಂದು ಅನುಮಾನ. ದುಂಡು ಭಾಗ ಚಪ್ಪಟೆ ಮೇಲೆ ಕೂತಿದೆ ಅಂದ್ರಿ. ಅಷ್ಟು ಮಡಚಿದ್ರೆ ಉರುಳಿ ಹಿಂದಿನಿಂದ ಕೆಳಗೆ ಬೀಳಬೇಕಲ್ವಾ?

ಫಿಸಿಯೋ_ಬಸವನಗುಡಿ
ಬೀಳಬೇಕಿತ್ತು, ಬರೀ ಉರುಳೋದಾಗಿದ್ರೆ. ಮಡಚುವಾಗ ತೊಡೆಮೂಳೆ ಹಿಂದಕ್ಕೆ ಉರುಳ್ತಾ ಅದೇ ಹೊತ್ತಿಗೆ ಮುಂದಕ್ಕೆ ಜಾರುತ್ತೆ. ಒಳಗೆ ಅಡ್ಡಡ್ಡ ದಾಟಿರೋ ಎರಡು ಕ್ರೂಸಿಯೇಟ್ ರಜ್ಜುಗಳು ಅದನ್ನ ಹತೋಟಿಯಲ್ಲಿ ಇಡ್ತವೆ. ಅದಕ್ಕೇ ಮಂಡಿಗೆ ನಿಮ್ಮ ಪಿನ್ನಿನ ಥರ ಒಂದೇ ಜಾಗದಲ್ಲಿರೋ ಅಕ್ಷ ಇಲ್ಲ, ಮಡಚಿದಷ್ಟೂ ಅಕ್ಷ ಸರೀತಾ ಹೋಗುತ್ತೆ. ಹೊರಗಡೆ ಕಟ್ಟೋ ಕಬ್ಬಿಣದ ಹಿಂಜ್ ಇರೋ ಮಂಡಿಪಟ್ಟಿ ನಡೀತಾ ನಡೀತಾ ಕೆಳಗೆ ಜಾರೋದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು, ದ್ವಿಚಕ್ರದವರಿಗೆ. ಮಡಚಿದ ಮಂಡಿ ತಿರುಗಬಲ್ಲದು ಅನ್ನೋದೇ ಅದರ ದೌರ್ಬಲ್ಯ ಕೂಡ. ಗುಂಡಿ ಬಂತು ಅಂತ ಕಾಲು ನೆಲಕ್ಕೆ ಊರಿ, ಪಾದ ಅಲ್ಲೇ ಕಚ್ಚಿಕೊಂಡಿರೋವಾಗ ಗಾಡಿ ಸಮೇತ ಮೈ ತಿರುಗಿಸಿದ್ರೆ ಮೆನಿಸ್ಕಸ್ ಸಿಕ್ಕಿ ಹರಿಯುತ್ತೆ. ಹರಿದ ತುಂಡು ನಡುವೆ ಸಿಕ್ಕಿಹಾಕಿಕೊಂಡ್ರೆ ಮಂಡಿ ಪೂರ್ತಿ ಚಾಚೋಕೇ ಬರಲ್ಲ. ಹಾಗಾದ್ರೆ ಮನೇಲಿ ಎಳೆದು ನೋಡಬೇಡಿ, ಮೂಳೆ ಡಾಕ್ಟರ ಹತ್ರ ಹೋಗಿ.

ಎಂಬಿಬಿಎಸ್_ಮೊದಲ_ವರ್ಷ
ಸದ್ಯ ಅನಾಟಮಿಯಲ್ಲಿ ಮುಳುಗಿದ್ದೀನಿ, ಸೇರಿಸಿಬಿಡ್ತೀನಿ. ನಮ್ಮ ಪಠ್ಯದಲ್ಲಿ ಮಂಡಿಯನ್ನ ಮಾರ್ಪಟ್ಟ ಬಿಜಾಗರಿ ಅಥವಾ ಬೈಕಾಂಡೈಲಾರ್ (ಎರಡು ಉಬ್ಬಿನ ಕೀಲು) ಅಂತ ಕರೀತಾರೆ. ದೊಡ್ಡ ವಿಂಗಡಣೆ ಮೂರೇ: ನಾರಿನಿಂದ ಬೆಸೆದವು (ತಲೆಬುರುಡೆಯ ಹೊಲಿಗೆಗಳು, ದವಡೆ ಮೂಳೆಯ ಗುಳಿಯಲ್ಲಿ ಕೂತ ಹಲ್ಲು), ಮೃದ್ವಸ್ಥಿಯಿಂದ ಬೆಸೆದವು (ಬೆನ್ನುಮೂಳೆಯ ಡಿಸ್ಕ್, ಹೊಟ್ಟೆ ಕೆಳಗೆ ಎರಡು ಸೊಂಟದ ಮೂಳೆ ಮುಂದೆ ಸೇರೋ ಜಾಗ), ಮತ್ತೆ ದ್ರವ ತುಂಬಿದ ಚೀಲ ಇರೋ ಸೈನೋವಿಯಲ್ ಕೀಲುಗಳು. ಶಾಲೇಲಿ ಹೇಳಿಕೊಡೋ ಬಿಜಾಗರಿ, ತಿರುಗಣೆ, ಚೆಂಡು-ಗುಳಿ, ಜಾರುವ ಕೀಲು, ತಡಿ ಕೀಲು, ಮೊಟ್ಟೆಯಾಕಾರದ ಕೀಲು ಎಲ್ಲ ಮೂರನೇ ಗುಂಪಿನ ಒಳಜಾತಿ.

ಗಾಂಧಿಬಜಾರ್_ತಾತ
ತಲೆಬುರುಡೆ ಹೊಲಿಗೆ ಅಂದ್ರಲ್ಲ ಮರಿ, ಮಕ್ಕಳ ನೆತ್ತಿಗೆ ಹರಳೆಣ್ಣೆ ಇಡೋದು ಆ ಹೊಲಿಗೆ ಬೇಗ ಕೂಡಲಿ ಅಂತಲೇ ತಾನೆ? ನಮ್ಮಮ್ಮ ಎಲ್ಲ ಮೊಮ್ಮಕ್ಕಳಿಗೂ ಇಟ್ಟಿದ್ದಾರೆ.

ಎಂಬಿಬಿಎಸ್_ಮೊದಲ_ವರ್ಷ
ತಾತ, ಎಣ್ಣೆ ಇಟ್ರೂ ಇಡದಿದ್ರೂ ಮುಂದಿನ ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತೆ, ಹಿಂದಿನದು ಎರಡು ಮೂರು ತಿಂಗಳಿಗೇ. ಬೇಗ ಕೂಡೋದು ಒಳ್ಳೇದೂ ಅಲ್ಲ, ಒಳಗೆ ಮಿದುಳು ಬೆಳೀಬೇಕಲ್ಲ. ಹೆರಿಗೆ ಸಮಯದಲ್ಲಿ ಆ ಚಿಪ್ಪುಗಳು ಒಂದರ ಮೇಲೊಂದು ಸ್ವಲ್ಪ ಸರಿದು ತಲೆ ಹೊರಬರೋಕೆ ದಾರಿ ಮಾಡಿಕೊಡ್ತವೆ. ಎಣ್ಣೆ ಇಡೋದು ನಿಮ್ಮಿಷ್ಟ, ಒತ್ತಬೇಡಿ ಅಷ್ಟೇ.

ಅರಮಂಡಿ_ರಾಜಾಜಿನಗರ
ಈ ಚರ್ಚೆ ನೋಡಿ ಖುಷಿಯಾಯ್ತು. ನಾನು ಭರತನಾಟ್ಯ ಹೇಳಿಕೊಡೋಳು. ಮಕ್ಕಳು ಅರಮಂಡಿ (ಮಂಡಿ ಮಡಚಿ ಪಕ್ಕಕ್ಕೆ ತೆರೆದು ಅರ್ಧ ಕೂರೋ ಭಂಗಿ) ಕೂತಾಗ ಪಾದ ಎರಡೂ ಪಕ್ಕಕ್ಕೆ ಚೆನ್ನಾಗಿ ತಿರುಗಿರುತ್ತೆ, ಆದ್ರೆ ಮಂಡಿ ಮಾತ್ರ ಮುಂದಕ್ಕೆ ನೋಡ್ತಿರುತ್ತೆ. ಕೆಲವರು ಸೊಂಟದ ಹಿಂಭಾಗವನ್ನ ಹಿಂದಕ್ಕೆ ತಳ್ಳಿ ಬೆನ್ನು ಬಾಗಿಸಿ ಕೂತ್ಕೋತಾರೆ. ಆಮೇಲೆ "ಮಿಸ್, ಮಂಡಿ ಒಳಗೆ ನೋವು" ಅಂತ ಬರ್ತಾರೆ. ಮಂಡಿ ತಿರುಗೋ ಕಥೆ ಕೇಳಿದ ಮೇಲೆ ಒಂದಕ್ಕೊಂದು ಸಂಬಂಧ ಇದೆ ಅನ್ನಿಸ್ತು. ವಿವರಿಸ್ತೀರಾ ಸರ್?

ಫಿಸಿಯೋ_ಬಸವನಗುಡಿ
ಮೇಡಂ, ಸಂಬಂಧ ಇರೋದೇನು, ಅದೇ ವಿಷಯ. ಅರಮಂಡಿಯ ತಿರುವು ಬರಬೇಕಾದ್ದು ಸೊಂಟದ ಕೀಲಿನಿಂದ. ಅದು ಚೆಂಡು-ಗುಳಿ ಕೀಲು, ಗುಳಿ ಬಹಳ ಆಳ. ಒರಳಲ್ಲಿ ಗುಂಡುಕಲ್ಲು ಕೂತ ಹಾಗೆ: ಎಲ್ಲ ಕಡೆಗೂ ತಿರುಗುತ್ತೆ, ಆದ್ರೆ ಅಂಚು ಎಲ್ಲಿ ತಾಗುತ್ತೋ ಅಲ್ಲಿಗೆ ನಿಂತುಹೋಗುತ್ತೆ. ಆ ಅಂಚು ಎಲ್ಲಿ ತಾಗುತ್ತೆ ಅನ್ನೋದು ಮೂಳೆಯ ಆಕಾರದ ಮೇಲೆ ಹೋಗುತ್ತೆ. ತೊಡೆಮೂಳೆಯ ಕತ್ತು ಹುಟ್ಟುವಾಗ ಸುಮಾರು 30ರಿಂದ 40 ಡಿಗ್ರಿ ಮುಂದಕ್ಕೆ ತಿರುಚಿಕೊಂಡಿರುತ್ತೆ, ದೊಡ್ಡವರಾಗೋ ಹೊತ್ತಿಗೆ 15ರ ಆಸುಪಾಸಿಗೆ ಇಳಿಯುತ್ತೆ. ಯಾರಿಗೆ ಈ ತಿರುಚು ಹೆಚ್ಚು ಉಳಿದಿರುತ್ತೋ ಅವರಿಗೆ ಕಾಲು ಒಳಕ್ಕೆ ಸಲೀಸಾಗಿ ತಿರುಗುತ್ತೆ, ಹೊರಕ್ಕೆ ಕಷ್ಟ. ಎಷ್ಟು ಎಳೆದು ಅಭ್ಯಾಸ ಮಾಡಿಸಿದ್ರೂ ಮೂಳೆ ಬಗ್ಗಲ್ಲ.

ಅಂಥ ಮಗು ಏನು ಮಾಡುತ್ತೆ? ಪಕ್ಕದ ಮಗುವಿನ ಪಾದ ನೋಡಿ ತನ್ನ ಪಾದವನ್ನೂ ಅಷ್ಟೇ ತಿರುಗಿಸುತ್ತೆ. ಸೊಂಟದಲ್ಲಿ ಸಿಗದೇ ಇರೋ ಡಿಗ್ರಿಗಳನ್ನ ಮಂಡಿ ಮತ್ತು ಪಾದದಿಂದ ಸಾಲ ತಗೊಳ್ಳುತ್ತೆ. ಮಂಡಿ ಮಡಚಿದೆ, ಹಾಗಾಗಿ ಅದು ತಿರುಗೋಕೆ ಒಪ್ಪುತ್ತೆ. ಆ ಸ್ಥಿತೀಲಿ ತಟ್ಟಡವು, ಅಂದ್ರೆ ಪಾದ ನೆಲಕ್ಕೆ ತಟ್ಟೋ ಹೆಜ್ಜೆ, ಶುರು ಮಾಡಿದ್ರೆ ಪ್ರತಿ ತಟ್ಟಿಗೂ ಭಾರ ಬೀಳೋದು ತಿರುಚಿದ ಮಂಡಿಯ ಒಳಗಡೆ ರಜ್ಜು ಮತ್ತು ಮೆನಿಸ್ಕಸ್ ಮೇಲೆ.

ಹಿಂಭಾಗ ತಳ್ಳೋದಕ್ಕೂ ಕಾರಣ ಇದೆ. ಸೊಂಟದ ಕೀಲಿನ ಮುಂದೆ ಇಲಿಯೋಫೆಮೊರಲ್ ಅಂತ ಒಂದು ರಜ್ಜು ಇದೆ, ಇಡೀ ದೇಹದಲ್ಲೇ ಬಲವಾದದ್ದು. ನೆಟ್ಟಗೆ ನಿಂತಾಗ ಅದು ಬಿಗಿಯಾಗಿ, ಕಾಲು ಹೊರಕ್ಕೆ ತಿರುಗೋದನ್ನ ತಡೆಯುತ್ತೆ. ಸೊಂಟ ಮುಂದಕ್ಕೆ ವಾಲಿಸಿದ್ರೆ ರಜ್ಜು ಸಡಿಲ ಆಗಿ ಸ್ವಲ್ಪ ತಿರುವು ಹೆಚ್ಚು ಸಿಗುತ್ತೆ. ಮಗು ಯಾರೂ ಹೇಳಿಕೊಡದೆ ಈ ಉಪಾಯ ಕಂಡುಕೊಂಡಿರುತ್ತೆ, ನೀವು "ಬೆನ್ನು ನೇರ" ಅಂತ ಗದರಿಸಿದ ತಕ್ಷಣ ಪಾದವೂ ಮುಂದಕ್ಕೆ ಬಂದುಬಿಡುತ್ತೆ. ಗಮನಿಸಿ ನೋಡಿ.

ಪರೀಕ್ಷೆ ಸುಲಭ. ಚಾಪೆ ಮೇಲೆ ಬೋರಲು ಮಲಗಿಸಿ, ಎರಡೂ ಮಂಡಿ ಸೇರಿಸಿ 90 ಡಿಗ್ರಿ ಮಡಚಿಸಿ. ಒಂದು ಪಾದವನ್ನ ನಿಧಾನಕ್ಕೆ ಇನ್ನೊಂದು ಕಾಲಿನ ಕಡೆಗೆ, ಅಂದ್ರೆ ಒಳಕ್ಕೆ ಬೀಳಿಸಿ. ಪಾದ ಒಳಕ್ಕೆ ಬಂದ್ರೆ ಸೊಂಟ ಹೊರಕ್ಕೆ ತಿರುಗ್ತಿದೆ ಅಂತ ಅರ್ಥ. ಸೊಂಟ ನೆಲದಿಂದ ಏಳೋಕೆ ಮುಂಚೆ ಎಷ್ಟು ಸಿಕ್ಕಿತೋ ಅದೇ ಆ ಮಗುವಿನ ನಿಜವಾದ ಬಂಡವಾಳ.

ಅರಮಂಡಿ_ರಾಜಾಜಿನಗರ
"ಬೆನ್ನು ನೇರ ಅಂದ್ರೆ ಪಾದ ಮುಂದಕ್ಕೆ" — ದಿನಾ ನೋಡೋದೇ ಇದನ್ನ! ಆದ್ರೆ ಸರ್, ಒಂದು ವಿಷಯದಲ್ಲಿ ನಾನು ಒಪ್ಪಲ್ಲ. ಚಿಕ್ಕ ವಯಸ್ಸಿಂದ ಅಭ್ಯಾಸ ಮಾಡಿದವರಿಗೂ ಹದಿನಾರಕ್ಕೆ ಶುರು ಮಾಡಿದವರಿಗೂ ಅರಮಂಡಿಯಲ್ಲಿ ಬಹಳ ವ್ಯತ್ಯಾಸ ಕಾಣುತ್ತೆ. ಮೂಳೆಯೇ ಎಲ್ಲ ಅಂದ್ರೆ ಸಾಧನೆಗೆ ಜಾಗ ಎಲ್ಲಿ?

ಫಿಸಿಯೋ_ಬಸವನಗುಡಿ
ಒಪ್ಪಿದೆ, ಸಾಧನೆಗೆ ದೊಡ್ಡ ಜಾಗವೇ ಇದೆ. ಸೊಂಟದ ಒಳಗೆ ಆಳದಲ್ಲಿ ಆರು ಸಣ್ಣ ಸ್ನಾಯುಗಳು ಹೊರಕ್ಕೆ ತಿರುಗಿಸೋ ಕೆಲಸ ಮಾಡ್ತವೆ. ಎಷ್ಟೋ ಮಕ್ಕಳಿಗೆ ಮೂಳೆ ಬಿಟ್ಟುಕೊಡೋ ತಿರುವಿನ ಪೂರ್ತಿ ಬಳಕೆ ಮಾಡೋ ಶಕ್ತಿಯೇ ಇರಲ್ಲ. ಅದನ್ನ ಬೆಳೆಸಬಹುದು. ನಾನು ಹೇಳೋದು, ಗಡಿ ಎಲ್ಲಿದೆ ಅಂತ ಮೊದಲು ಗೊತ್ತಿರಲಿ. ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ನೇರಕ್ಕೆ ಇದ್ದಷ್ಟು ಅರಮಂಡಿ ಸಾಕು, ಅದಕ್ಕಿಂತ ಹೆಚ್ಚು ಪಾದ ತೆರೆಯೋದು ಫೋಟೋಗೆ ಮಾತ್ರ.

ಅರಮಂಡಿ_ರಾಜಾಜಿನಗರ
ಎರಡನೇ ಬೆರಳಿನ ಲೆಕ್ಕ ಬರೆದಿಟ್ಕೊಂಡೆ. ಕತ್ತಿನದ್ದೂ ಒಂದು ಕೇಳ್ತೀನಿ. ಅಟ್ಟಮಿ, ಅಂದ್ರೆ ಮುಖ ನೇರವಾಗೇ ಇಟ್ಟು ಕತ್ತು ಎಡಕ್ಕೆ ಬಲಕ್ಕೆ ಸರಿಸೋದು. ನಾಲ್ಕು ಗ್ರೀವಾಭೇದಗಳಲ್ಲಿ (ಕತ್ತಿನ ಚಲನೆಗಳಲ್ಲಿ) ಮಕ್ಕಳಿಗೆ ಕೈಕೊಡೋದು ಇದೇ. ಇದು ಯಾವ ಕೀಲು?

ಎಂಬಿಬಿಎಸ್_ಮೊದಲ_ವರ್ಷ
ಇದು ನಾನು ಹೇಳ್ತೀನಿ ಸರ್, ಮೊನ್ನೆ ತಾನೆ ಓದಿದ್ದು. ತಲೆ ಮೇಲೆ-ಕೆಳಗೆ ಆಡಿಸಿ "ಹೂಂ" ಅನ್ನೋದಕ್ಕೆ ಬುರುಡೆ ಮತ್ತು ಮೊದಲ ಕತ್ತುಮೂಳೆ ನಡುವಿನ ಕೀಲೇ ಮುಖ್ಯ. ಅಡ್ಡಡ್ಡ ಆಡಿಸಿ "ಉಹೂಂ" ಅನ್ನೋದಕ್ಕೆ ಮೊದಲ ಮತ್ತು ಎರಡನೇ ಮೂಳೆಗಳ ನಡುವಿನದು. ಅದು ತಿರುಗಣೆ ಕೀಲು: ಎರಡನೇ ಮೂಳೆಯಿಂದ ಮೇಲಕ್ಕೆ ಎದ್ದಿರೋ ಒಂದು ಗೂಟದ ಸುತ್ತ ಮೊದಲನೇ ಮೂಳೆಯ ಬಳೆ ತಿರುಗುತ್ತೆ. ಕತ್ತು ತಿರುಗಿಸೋದ್ರಲ್ಲಿ ಹೆಚ್ಚುಕಮ್ಮಿ ಅರ್ಧ ಪಾಲು ಇದೊಂದರದ್ದೇ.

ಆಟೋದವರಿಗೆ "ಜಯನಗರ ಬರ್ತೀರಾ" ಅಂದ್ರೆ ತಲೆ ಓರೆ ಮಾಡಿ ಒಂಥರಾ ಅಲ್ಲಾಡಿಸ್ತಾರಲ್ಲ, ಬರ್ತೀನಿ ಅಂತಲೋ ಬರಲ್ಲ ಅಂತಲೋ ಗೊತ್ತಾಗದ ಹಾಗೆ, ಅದರಲ್ಲಿ ಕತ್ತಿನ ಕೆಳಗಿನ ಕೀಲುಗಳ ಪಾಲು ದೊಡ್ಡದು. ಅಲ್ಲಿ ಮೈಗಳು ಇಳಿಜಾರಾಗಿರೋದ್ರಿಂದ ಪಕ್ಕಕ್ಕೆ ವಾಲಿದ್ರೆ ಜೊತೆಗೆ ಸ್ವಲ್ಪ ತಿರುಗೂ ಬಂದೇ ಬರುತ್ತೆ. ಅಟ್ಟಮಿ ಬಗ್ಗೆ ಸರ್ ಹೇಳಲಿ.

ಫಿಸಿಯೋ_ಬಸವನಗುಡಿ
ಅಟ್ಟಮಿಗೆ ಅಂತ ಒಂದು ಕೀಲಿಲ್ಲ. ಕತ್ತಿನ ಕೆಳಭಾಗ ಒಂದು ಕಡೆಗೆ ವಾಲುತ್ತೆ, ಮೇಲ್ಭಾಗ ಅದೇ ಕ್ಷಣಕ್ಕೆ ಎದುರು ಕಡೆಗೆ ವಾಲುತ್ತೆ. ಎರಡರ ವಾಲು ಒಂದನ್ನೊಂದು ರದ್ದು ಮಾಡಿದಾಗ ಮುಖ ನೆಟ್ಟಗೇ ಇದ್ದು ಬರೀ ಸರಿದ ಹಾಗೆ ಕಾಣುತ್ತೆ. ಮಕ್ಕಳು ಮೊದಲು ಇಡೀ ಕತ್ತನ್ನ ಒಂದೇ ಕಡೆ ವಾಲಿಸ್ತಾರೆ, ಅದಕ್ಕೇ ಕಿವಿ ಹೆಗಲ ಕಡೆ ಹೋಗುತ್ತೆ.

ಪೀಣ್ಯ_ಎರಡನೇ_ಹಂತ
ಎರಡು ತಿರುಗು ಸೇರಿ ಒಂದು ಸರಿತ. ಇದನ್ನ ನಾವು ಲಿಂಕೇಜ್ ಅಂತೀವಿ. ಗುರುಗಳೇ, ಹಾಗಾದ್ರೆ ಸ್ಕ್ರೂಡ್ರೈವರ್ ತಿರುಗಿಸೋದು ಮಣಿಕಟ್ಟಿನ ಕೀಲು ತಾನೆ? ನಮ್ಮ ಹುಡುಗರು ಸಂಜೆ ಹೊತ್ತಿಗೆ "ಮಣಿಕಟ್ಟು ಬಿದ್ದೋಯ್ತು" ಅಂತಾರೆ.

ಫಿಸಿಯೋ_ಬಸವನಗುಡಿ
ಅಲ್ಲ. ಮಣಿಕಟ್ಟು ಮೊಟ್ಟೆಯಾಕಾರದ ಕೀಲು, ಮೇಲೆ-ಕೆಳಗೆ ಮತ್ತು ಅಕ್ಕ-ಪಕ್ಕ ಅಷ್ಟೇ, ತನ್ನಷ್ಟಕ್ಕೆ ತಿರುಗಲ್ಲ. ಮೊಣಕೈಯನ್ನ ಪಕ್ಕೆಗೆ ಒತ್ತಿ ಹಿಡಿದು ಅಂಗೈ ಮೇಲೆ-ಕೆಳಗೆ ಮಾಡಿ ನೋಡಿ. ಇನ್ನೊಂದು ಕೈಯಿಂದ ಮುಂಗೈ ಹಿಡ್ಕೊಂಡ್ರೆ ಒಳಗೆ ಮೂಳೆ ಹೊರಳೋದು ತಿಳಿಯುತ್ತೆ. ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳ ಕಡೆಯದು ಇನ್ನೊಂದರ ಮೇಲೆ ಅಡ್ಡ ದಾಟುತ್ತೆ. ಮೊಣಕೈ ಹತ್ರ ಒಂದು, ಮಣಿಕಟ್ಟಿನ ಹತ್ರ ಒಂದು ತಿರುಗಣೆ ಕೀಲಿದೆ. ಸೌಟಲ್ಲಿ ಸಾಂಬಾರ್ ಬಗ್ಗಿಸೋದು, ಬೀಗ ತೆಗೆಯೋದು ಎಲ್ಲ ಇದೇ.

ನಿಮಗೆ ಉಪಯೋಗ ಆಗೋ ಮಾತು: ಬಲಗೈಯವರು ಸ್ಕ್ರೂ ಬಿಗಿ ಮಾಡುವಾಗ ಅಂಗೈ ಮೇಲ್ಮುಖ ಆಗೋ ಕಡೆಗೆ ತಿರುಗುತ್ತೆ. ಆ ತಿರುವಿಗೆ ತೋಳಿನ ಮುಂದಿರೋ ಬೈಸೆಪ್ಸ್ ಬಲ ಕೊಡುತ್ತೆ, ಅದೂ ಮೊಣಕೈ 90 ಡಿಗ್ರಿ ಮಡಚಿದಾಗ ಹೆಚ್ಚು. ಕೈ ಚಾಚಿಕೊಂಡು ಬಿಗಿ ಮಾಡಿದ್ರೆ ಬೇಗ ಸುಸ್ತು. ಎಡಗೈಯವರಿಗೆ ಬಿಚ್ಚೋದ್ರಲ್ಲಿ ಬಲ ಹೆಚ್ಚು.

ಪೀಣ್ಯ_ಎರಡನೇ_ಹಂತ
ಅಯ್ಯೋ ದೇವ್ರೇ, ನಮ್ಮಲ್ಲಿ ಒಬ್ಬ ಎಡಚ ಇದ್ದಾನೆ, ಯಾರ ಕೈಲೂ ಬಿಚ್ಚೋಕಾಗದ ತುಕ್ಕು ಸ್ಕ್ರೂ ಎಲ್ಲ ಅವನ ಹತ್ರವೇ ಹೋಗೋದು! ಬೆಂಚು ಎತ್ತರ ಸರಿ ಮಾಡಿಸ್ತೀನಿ.

ಗಾಂಧಿಬಜಾರ್_ತಾತ
ನಮ್ಮ ಮನೆಯವಳು ಮಕ್ಕಳಿಗೆ ದೃಷ್ಟಿ ತೆಗೆದು ಕೆನ್ನೆ ಸವರಿ ತನ್ನ ಹಣೆ ಪಕ್ಕ ನೆಟಿಕೆ ಮುರೀತಾಳೆ. ಎಷ್ಟು ಶಬ್ದ ಬಂದ್ರೆ ಅಷ್ಟು ದೃಷ್ಟಿ ಇತ್ತು ಅಂತ ಲೆಕ್ಕ. ಸೊಸೆ, "ಅತ್ತೆ, ನೆಟಿಕೆ ಮುರಿದ್ರೆ ಬೆರಳ ಕೀಲು ಸವೆದು ಸಂಧಿವಾತ ಬರುತ್ತೆ" ಅಂತಾಳೆ. ಯಾರ ಪರ ತೀರ್ಪು?

ಎಂಬಿಬಿಎಸ್_ಮೊದಲ_ವರ್ಷ
ಅಜ್ಜಿ ಪರ. ಕೀಲನ್ನ ಎಳೆದಾಗ ಒಳಗಿನ ಒತ್ತಡ ಥಟ್ಟನೆ ಇಳಿದು, ದ್ರವದಲ್ಲಿ ಕರಗಿರೋ ಅನಿಲದಿಂದ ಗುಳ್ಳೆ ಆಗುತ್ತೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಒಳಗೇ ಬೆರಳು ಎಳೆದು ಇದನ್ನ ಚಿತ್ರ ತೆಗೆದಿದ್ದಾರೆ. ಅನಿಲ ಮತ್ತೆ ಕರಗೋ ತನಕ ಅದೇ ಬೆರಳಲ್ಲಿ ಇನ್ನೊಂದು ಸಲ ಶಬ್ದ ಬರಲ್ಲ, ದೃಷ್ಟಿ ಪೂರ್ತಿ ಹೋಯ್ತು ಅಂತ ಅಜ್ಜಿ ಅನ್ನೋದು ಆಗಲೇ! ಅಮೆರಿಕದ ಡೊನಾಲ್ಡ್ ಅಂಗರ್ ಅನ್ನೋ ವೈದ್ಯರು 60 ವರ್ಷಕ್ಕೂ ಹೆಚ್ಚು ಕಾಲ ಎಡಗೈ ನೆಟಿಕೆ ಮಾತ್ರ ಮುರಿದು ಬಲಗೈ ಹಾಗೇ ಬಿಟ್ಟಿದ್ರು. ಎರಡರಲ್ಲೂ ಸಂಧಿವಾತ ಇರಲಿಲ್ಲ. 2009ರಲ್ಲಿ ಅದಕ್ಕೆ ಇಗ್ ನೊಬೆಲ್ ಅನ್ನೋ ತಮಾಷೆ ಪ್ರಶಸ್ತಿಯೂ ಸಿಕ್ಕಿತು. ಒಬ್ಬರದ್ದೇ ಪ್ರಯೋಗ, ಅಷ್ಟಕ್ಕೇ ತೀರ್ಮಾನ ಅಲ್ಲ, ಆದ್ರೂ ಸೊಸೆ ಕಡೆಯವರ ಹತ್ರ ಬಲವಾದ ಪುರಾವೆ ಇಲ್ಲ. ನೋವು, ಊತ ಜೊತೆಗಿದ್ರೆ ಬೇರೆ ಮಾತು.

ಯಶವಂತಪುರ_ವಾಕರ್
ಮಂಡಿ ಕಟಕಟ ಅನ್ನೋರು ಗಿಡಮೂಲಿಕೆ ಎಣ್ಣೆ ಹಚ್ಚಿ, ಚರ್ಮದ ಮೂಲಕ ಇಳಿದು ಕೀಲಲ್ಲಿ ಒಣಗಿದ ಗ್ರೀಸ್ ಮತ್ತೆ ತುಂಬುತ್ತೆ. ನನಗೆ ಕೊಡೋರ ನಂಬರ್ [ಅಳಿಸಲಾಗಿದೆ]

ನಿರ್ವಾಹಕರು
ಮಾರಾಟದ ನಂಬರ್ ಹಾಕಬೇಡಿ. ಚರ್ಚೆ ಮುಂದುವರಿಯಲಿ.

ಫಿಸಿಯೋ_ಬಸವನಗುಡಿ
ಎಣ್ಣೆ ಕೀಲಿನೊಳಗೆ ಇಳಿಯಲ್ಲ. ಉಜ್ಜೋದ್ರಿಂದ ಸ್ನಾಯುವಿಗೆ ಹಿತ, ಅಷ್ಟಕ್ಕೆ ನನ್ನ ತಕರಾರಿಲ್ಲ. ಮಂಡಿಯಂಥ ದೊಡ್ಡ ಕೀಲಲ್ಲೂ ದ್ರವ ಇರೋದು ಕೆಲವೇ ಮಿಲಿಲೀಟರ್. ಹೆಚ್ಚಾದ್ರೆ ಅದು ಊತ, ಕಾಯಿಲೆಯ ಲಕ್ಷಣ. ಮೂಳೆ ತುದಿಯ ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಭಾರ ಬಿದ್ದಾಗ ಹಿಂಡಿ, ಭಾರ ತೆಗೆದಾಗ ಹೀರಿ ಈ ದ್ರವದಿಂದಲೇ ಅದು ಆಹಾರ ತಗೊಳ್ಳೋದು. ಅಂದ್ರೆ ಆಡಿಸದೆ ಇಟ್ಟ ಕೀಲಿಗೆ ಊಟ ಇಲ್ಲ. ನೋವಿಗೆ ಹೆದರಿ ಮಂಚ ಹಿಡಿಯೋರಿಗೆ ನಾನು ಬೈಯ್ಯೋದು ಇದಕ್ಕೇ.

ಯಶವಂತಪುರ_ವಾಕರ್
ಹಾಗಾದ್ರೆ ಕುಕ್ಕರುಗಾಲಲ್ಲಿ ಕೂರೋದು ಒಳ್ಳೇದಾ ಕೆಟ್ಟದ್ದಾ? ಕಮೋಡ್ ಬಂದ ಮೇಲೇ ಮಂಡಿ ನೋವು ಶುರುವಾಯ್ತು ಅನ್ನೋರು ನನ್ನ ವಾಕಿಂಗ್ ಗುಂಪಲ್ಲಿ ಅರ್ಧ, ನೆಲದ ಮೇಲೆ ಕೂತೇ ಮಂಡಿ ಹೋಯ್ತು ಅನ್ನೋರು ಇನ್ನರ್ಧ.

ಫಿಸಿಯೋ_ಬಸವನಗುಡಿ
ಎರಡೂ ಗುಂಪು ತಮ್ಮ ತಮ್ಮ ಮಂಡಿ ಬಗ್ಗೆ ಹೇಳ್ತಿದ್ದಾರೆ. ಚೆನ್ನಾಗಿರೋ ಮಂಡಿ 140 ಡಿಗ್ರಿ ದಾಟಿ ಮಡಚಬಲ್ಲದು, ಬಳಸ್ತಾ ಇದ್ರೆ ಆ ಶಕ್ತಿ ಉಳಿಯುತ್ತೆ. ಆಗಲೇ ಸವೆತ ಇದ್ದು ಊದೋ ಮಂಡಿಗೆ ಅಷ್ಟು ಆಳದ ಮಡಚು ಒತ್ತಡ ಹೆಚ್ಚಿಸುತ್ತೆ. ಕುಕ್ಕರುಗಾಲಿಗೆ ಕಣಕಾಲೂ ಬಗ್ಗಬೇಕು ಅನ್ನೋದನ್ನ ಎಲ್ಲರೂ ಮರೀತಾರೆ. ಹಿಮ್ಮಡಿ ನೆಲಕ್ಕೆ ತಾಗದಿದ್ರೆ ತಪ್ಪು ಮಂಡಿಯದ್ದಲ್ಲ, ಕಣಕಾಲು ಮುಂದಕ್ಕೆ ಬಾಗ್ತಿಲ್ಲ ಅಂತ.

ವಿಜಯನಗರ_ಸುಮ್ಮನೆ_ಓದುಗ
ಮೊದಲ ಸಲ ಬರೀತಿದ್ದೀನಿ. ಅಮ್ಮನಿಗೆ ಹೆಗಲು ಹಿಡಿದುಬಿಟ್ಟಿದೆ, ಜಡೆ ಹಾಕ್ಕೊಳೋಕೆ ಆಗಲ್ಲ. ಆದ್ರೆ ಕೈ ಅಷ್ಟಿಷ್ಟು ಮೇಲಕ್ಕೆ ಎತ್ತುತ್ತಾರೆ. ಕೀಲು ಬಂದ್ ಆಗಿದ್ರೆ ಅದು ಹೇಗೆ ಏಳುತ್ತೆ?

ಫಿಸಿಯೋ_ಬಸವನಗುಡಿ
ಕೈ ಪೂರ್ತಿ ಮೇಲೆತ್ತೋ 180 ಡಿಗ್ರಿಯಲ್ಲಿ ಸುಮಾರು 120 ಹೆಗಲಿನ ಚೆಂಡು-ಗುಳಿಯದ್ದು, 60 ಬೆನ್ನ ಮೇಲಿನ ಭುಜದ ಎಲುಬು ಪಕ್ಕೆಲುಬಿನ ಮೇಲೆ ಜಾರೋದು. ಚೆಂಡು-ಗುಳಿ ಹಿಡಿದುಕೊಂಡ್ರೂ ಎರಡನೆಯದು ಕೆಲಸ ಮಾಡ್ತಿರುತ್ತೆ. ಹಿಂದಿನಿಂದ ನೋಡಿ, ಅಮ್ಮ ಕೈ ಎತ್ತುವಾಗ ಇಡೀ ಭುಜ ಕಿವಿ ಕಡೆಗೆ ಏರುತ್ತೆ. ಜಡೆಗೆ ಕೈ ಹೊರಕ್ಕೆ ತಿರುಗಲೇಬೇಕು, ಹೆಗಲು ಹಿಡಿದಾಗ ಮೊದಲು ಹೋಗೋದೇ ಅದು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಹೆಚ್ಚು, ಒಮ್ಮೆ ಪರೀಕ್ಷೆ ಮಾಡಿಸಿಬಿಡಿ.

ವಿಜಯನಗರ_ಸುಮ್ಮನೆ_ಓದುಗ
ಭುಜ ಏರೋದು ನಿಜ, ಈಗಷ್ಟೇ ನೋಡಿದೆ. ನಾಳೆ ರಕ್ತ ಪರೀಕ್ಷೆಗೆ ಕರ್ಕೊಂಡು ಹೋಗ್ತೀನಿ. ಧನ್ಯವಾದ ಸರ್.

ಪೀಣ್ಯ_ಎರಡನೇ_ಹಂತ
ಕೊನೇದೊಂದು, ಊಟದ ಹೊತ್ತು. ನಾವು ಮುದ್ದೆ ನುಂಗೋರು, ಅಗಿಯಲ್ಲ. ದವಡೆ ಕೀಲಿಗೆ ರಜೆ ಕೊಟ್ಟ ಹಾಗಾಯ್ತಾ?

ಎಂಬಿಬಿಎಸ್_ಮೊದಲ_ವರ್ಷ
ಅರ್ಧ ರಜೆ ಅಣ್ಣ. ಬಾಯಿ ತೆರೆಯೋಕೂ ಅದೇ ಕೀಲು ಬೇಕು. ಮೊದಲು ಬಿಜಾಗರಿ ಥರ ತಿರುಗುತ್ತೆ, ಬಾಯಿ ದೊಡ್ಡದಾಗಿ ತೆರೆದಾಗ ಮುಂದಕ್ಕೆ ಜಾರುತ್ತೆ. ಕಿವಿ ಮುಂದೆ ಬೆರಳಿಟ್ಟು ಆಕಳಿಸಿ ನೋಡಿ. ನುಂಗುವಾಗ ಮೇಲಕ್ಕೇಳೋದು ಗಂಟಲ ಹತ್ರದ ಹಯಾಯ್ಡ್ ಮೂಳೆ. ಅದಕ್ಕೆ ಬೇರೆ ಯಾವ ಮೂಳೆ ಜೊತೆಗೂ ಕೀಲೇ ಇಲ್ಲ, ಸ್ನಾಯು-ರಜ್ಜುಗಳಲ್ಲಿ ತೂಗಾಡ್ಕೊಂಡಿರುತ್ತೆ.

ಪೀಣ್ಯ_ಎರಡನೇ_ಹಂತ
ಬೋಲ್ಟೇ ಇಲ್ಲದ ಪಾರ್ಟು! ಸರಿ, ಬಸ್ಸಾರು ಆರ್ತಾ ಇದೆ, ಬರ್ತೀನಿ.